ನಲವತ್ತನಾಲ್ಕು ಮೆಟ್ಟಿಲ ಮೇಲಿನ ಸಿಗ್ನಲ್

ನನ್ನ ಮಗಳು ಇಂಚರ ದಿನಾ ಬೆಳಗ್ಗೆ ಹತ್ತು ಗಂಟೆಗೆ ಹತ್ತು ನಿಮಿಷ ಇರುವಾಗ ಪುಸ್ತಕ, ನೀರಿನ ಬಾಟಲಿ, ಚಾರ್ಜರು ಎಲ್ಲ ಎತ್ತಿಕೊಂಡು ಮಹಡಿ ಹತ್ತುತ್ತಿದ್ದಳು. ನಮ್ಮ ಮನೆಗೆ ಆಗ ನಲವತ್ತನಾಲ್ಕು ಮೆಟ್ಟಿಲು. ನಾನು ಮದುವೆಯಾಗಿ ಬಂದ ವರ್ಷ ಇಪ್ಪತ್ತೆರಡಿದ್ದವು.

ನಮ್ಮ ಊರಿನಲ್ಲಿ ಮಹಡಿ ಇರುವ ಮನೆಗಳ ಕೆಳಗಿನ ಗೋಡೆ ತಿಂಗಳಿಗೆ ಮುಕ್ಕಾಲು ಇಂಚು ಬೆಳೆಯುತ್ತದೆ. ವರ್ಷಕ್ಕೆ ಒಂದು ಗೇಣು. ಯುಗಾದಿ ಕಳೆದ ಮೇಲೆ ಮೆಟ್ಟಿಲು ಕಟ್ಟುವವರು ಬೀದಿಬೀದಿ ಬಂದು ಪ್ರತಿ ಮನೆಯ ಬುಡದಲ್ಲೂ ಒಂದೊಂದು ಮೆಟ್ಟಿಲು ಸೇರಿಸಿ ಹೋಗುತ್ತಾರೆ. ಗೋಡೆಗೆ ಬಣ್ಣ ಹೊಡೆಸುವವರು ಕೆಳಗಿನ ಒಂದು ಗೇಣಿಗೆ ಮಾತ್ರ ಹೊಡೆಸುತ್ತಾರೆ. ಬಾಗಿಲು ನೆಲ ಬಿಟ್ಟು ಏಳುವುದಿಲ್ಲ, ಆದರೆ ಕಿಟಕಿಗಳು ಮೇಲೆ ಹೋಗಿಬಿಡುತ್ತವೆ. ಎಂಟು ಹತ್ತು ವರ್ಷಕ್ಕೊಮ್ಮೆ ಕೆಳಗೆ ಹೊಸ ಕಿಟಕಿ ಕೊರೆಸದಿದ್ದರೆ ಬೀದಿಯಲ್ಲಿ ಯಾರು ಹೋದರು, ಯಾರು ಬಂದರು ಗೊತ್ತಾಗುವುದಿಲ್ಲ. ನಮ್ಮ ಮನೆಯವರದ್ದು ಫ್ಯಾನಿನ ಕಂಬಿ ಉದ್ದ ಮಾಡಿಕೊಡುವ ಅಂಗಡಿ. ಸೂರು ಮೇಲೆ ಹೋದ ಹಾಗೆಲ್ಲ ಫ್ಯಾನು ಇಳಿಸಿಕೊಳ್ಳಬೇಕಲ್ಲ, ಅದಕ್ಕೆ ಅವರ ಕೈಗೆ ಬಿಡುವಿಲ್ಲ.

ಕೆಳಗೆ ನಾವು. ಮೇಲೆ ನನ್ನ ಮೈದುನ ಗುರುಬಸವ ಮತ್ತು ಅವನ ಹೆಂಡತಿ ನೀಲಾಂಬಿಕೆ. ನನ್ನ ಓರಗಿತ್ತಿ. ಬಂದು ಆರು ವರ್ಷವಾಗಿತ್ತು. ಅವಳು ನನಗಿಂತ ಹದಿಮೂರು ವರ್ಷ ಚಿಕ್ಕವಳು, ಇಂಚರಳಿಗಿಂತ ಹನ್ನೊಂದು ವರ್ಷ ದೊಡ್ಡವಳು. ನಡುವೆ ಎಲ್ಲೋ ನಿಂತಿದ್ದಳು. ಅದೇ ನನಗೆ ತೊಂದರೆಯಾದದ್ದು.

ಇಂಟರ್ನೆಟ್ಟಿನ ವೈರು ನಮ್ಮ ಊರಿನಲ್ಲಿ ಮಾಳಿಗೆಯಿಂದ ಮಾಳಿಗೆಗೆ ಹಾಯ್ದು ಬರುತ್ತದೆ. ಹಾಗಾಗಿ ವೈಫೈ ಡಬ್ಬಿಯನ್ನು ಮೇಲೆ ನೀಲಾಳ ಕೋಣೆಯಲ್ಲಿ ಕೂರಿಸಿದ್ದರು. ಅವಳ ಮನೆಯಲ್ಲಿ ಅಡುಗೆಮನೆಯ ಮೂಲೆಗೂ ಸಿಗ್ನಲ್ ಬರುತ್ತಿತ್ತು. ನಮ್ಮ ಮನೆಯಲ್ಲಿ ಸ್ಟೂಲು ಹತ್ತಿ ಫೋನು ಮೇಲೆ ಹಿಡಿದರೂ ಒಂದು ಗೆರೆ ಕಾಣಿಸುತ್ತಿರಲಿಲ್ಲ. ಇಂಚರ ಡಿಗ್ರಿ ಮುಗಿಸಿ ಅಳತೆ ಕಚೇರಿಯ ಪರೀಕ್ಷೆ ಕಟ್ಟಿದ್ದಳು. ಮನೆಮನೆಗೆ ಹೋಗಿ ಗೋಡೆ ಎಷ್ಟು ಬೆಳೆದಿದೆ, ತಳ ಎಷ್ಟು ತಾಳುತ್ತದೆ ಎಂದು ಅಳೆದು ಬರೆದುಕೊಳ್ಳುವ ಕೆಲಸ ಅದು. ಊರಿನಲ್ಲಿ ಆವರೆಗೆ ಒಬ್ಬ ಹೆಂಗಸೂ ಆ ಟೇಪು ಹಿಡಿದಿರಲಿಲ್ಲ. ಪಾಠವೆಲ್ಲ ಆನ್‌ಲೈನಿನಲ್ಲಿ, ಹತ್ತರಿಂದ ಒಂದರವರೆಗೆ.

ಮೊದಲ ತಿಂಗಳು ಒಂದು ಗಂಟೆಗೆ ಸರಿಯಾಗಿ ಇಳಿದು ಬರುತ್ತಿದ್ದಳು. ಎರಡನೆಯ ತಿಂಗಳು ಊಟಕ್ಕೆ ಅಲ್ಲೇ ಉಳಿದಳು. ಆಮೇಲೆ ಊಟವಾದ ಮೇಲೆ ಲೆಕ್ಕ ಬಿಡಿಸಲು ಉಳಿದಳು. ನೀಲಾಳ ಅಪ್ಪ ಹಿಂದೆ ಅಳತೆ ಕಚೇರಿಯಲ್ಲೇ ಇದ್ದವರಂತೆ, ಅವಳಿಗೆ ಅದೆಲ್ಲ ಬಾಯಿಪಾಠ. ನಾನು ಏಳನೇ ಕ್ಲಾಸು. ಮಗಳ ಪುಸ್ತಕ ತೆಗೆದು ನೋಡಿದರೆ ನನಗೆ ಗೊತ್ತಾಗುತ್ತಿದ್ದದ್ದು ಪುಟದ ನಂಬರು ಮಾತ್ರ.

ಒಂದು ಸಂಜೆ ಇಳಿದು ಬಂದವಳ ತಲೆ ನೋಡಿದೆ. ಹುಟ್ಟಿದಾಗಿನಿಂದ ನಾನು ನಡುಬೈತಲೆ ತೆಗೆದು ಹೆಣೆಯುತ್ತಿದ್ದ ಕೂದಲು. ಈಗ ಬೈತಲೆ ಎಡಕ್ಕೆ ಸರಿದಿತ್ತು. ನೀಲಾಳ ಹಾಗೆ.

"ಯಾರು ಬಾಚಿದ್ದು?" ಅಂದೆ.

"ಚಿಕ್ಕಮ್ಮ. ನನ್ನ ಮುಖಕ್ಕೆ ಇದೇ ಚೆನ್ನಾಗಿ ಕಾಣುತ್ತಂತೆ. ಹೌದಲ್ವಾ?"

"ಹ್ಞೂಂ" ಅಂದೆ. ಚೆನ್ನಾಗಿಯೇ ಕಾಣುತ್ತಿತ್ತು. ಹೊಟ್ಟೆಕಿಚ್ಚು ಎನ್ನುವುದು ನಿಜವಾಗಿಯೂ ಹೊಟ್ಟೆಯಲ್ಲೇ ಆಗುತ್ತದೆ, ಹೊಕ್ಕುಳಿಗಿಂತ ನಾಲ್ಕು ಬೆರಳು ಮೇಲೆ. ಅವತ್ತು ನನಗೆ ಜಾಗ ಸಮೇತ ಗೊತ್ತಾಯಿತು. ಆ ರಾತ್ರಿಯ ಊಟಕ್ಕೆ ಸಾರು ಬಡಿಸುವಾಗ ಅವಳು "ನಾವು ನಾಳೆ ತ್ರಿಕೋನದ ಪಾಠ ಮುಗಿಸ್ತೀವಿ" ಅಂದಳು. ಆ 'ನಾವು' ಅನ್ನುವುದರಲ್ಲಿ ನಾನಿಲ್ಲ ಎಂದು ಸೌಟು ಹಿಡಿದುಕೊಂಡೇ ಲೆಕ್ಕ ಹಾಕಿದೆ.

ಮಧ್ಯಾಹ್ನದ ಹೊತ್ತು ಸೂರು ನೋಡುತ್ತಾ ಮಲಗಿರುತ್ತಿದ್ದೆ. ಮೂವತ್ತೊಂದು ಅಡಿ ಮೇಲೆ ಅವರಿಬ್ಬರೂ ನಗುವುದು ಕೇಳುತ್ತಿತ್ತು. ಮಾತು ಕೇಳಿಸುತ್ತಿರಲಿಲ್ಲ, ನಗು ಮಾತ್ರ. ನನ್ನ ವಿಷಯಕ್ಕೇ ನಗುತ್ತಿದ್ದಾರೆ ಎಂದು ನಾನು ನಂಬಿದ್ದೆ. ನಂಬುವುದಕ್ಕೆ ಕಾರಣವೇನೂ ಇರಲಿಲ್ಲ, ಆದರೂ ನಂಬಿಕೆ ಬಲವಾಗಿತ್ತು.

ನೀಲಾ ಕೆಟ್ಟವಳಾಗಿದ್ದರೆ ನನ್ನ ಪಾಡು ಸುಲಭವಾಗಿರುತ್ತಿತ್ತು. ಅವಳು ಏನು ಮಾಡಿದರೂ ಒಂದು ಬಟ್ಟಲು ಬುಟ್ಟಿಯಲ್ಲಿಟ್ಟು ಹಗ್ಗದಲ್ಲಿ ಕೆಳಗಿಳಿಸುತ್ತಿದ್ದಳು. "ಅಕ್ಕಾ, ಬುಟ್ಟಿ ಬಂತು" ಎಂದು ಮೇಲಿಂದ ಕೂಗುತ್ತಿದ್ದಳು. ನಾನು ಅದನ್ನು ತೆಗೆದುಕೊಂಡು, ತಿಂದು, ಉಪ್ಪು ಕಡಿಮೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಒಂದು ದಿನ ನಮ್ಮ ಮನೆಯವರಿಗೆ ಹೇಳಿದೆ, "ನೋಡಿ, ಕೆಳಗೂ ಸಿಗ್ನಲ್ ಬರೋ ಹಾಗೆ ಮಾಡಿಸಬೇಕು."

"ಯಾರಿಗೆ? ನಿನಗಾ?"

"ಹುಡುಗಿ ದಿನಾ ಅಷ್ಟು ಮೆಟ್ಟಿಲು ಹತ್ತಿ ಇಳಿದು ಮಾಡ್ತಾಳೆ. ಮಂಡಿ ಸವೆದು ಹೋಗಲ್ವಾ?"

"ಇಪ್ಪತ್ತು ವರ್ಷದ ಮಂಡಿ ಸವೆಯುತ್ತಾ?" ಎಂದು ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ, ದಸ್ತಗೀರನನ್ನು ಕಳಿಸುವುದಾಗಿ ಹೇಳಿದರು.

ದಸ್ತಗೀರಣ್ಣ ಊರಿಗೆಲ್ಲ ವೈರು ಎಳೆಯುವವನು. ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಬಂದವನೇ ಫೋನು ಹಿಡಿದುಕೊಂಡು ನಮ್ಮ ಮನೆಯ ಮೂಲೆಮೂಲೆ ಸುತ್ತಿದ, ಸೂರು ನೋಡಿದ, ಮೆಟ್ಟಿಲು ನೋಡಿದ. "ಮೂವತ್ತೊಂದು ಅಡಿ, ಅದರ ಮೇಲೆ ಕಬ್ಬಿಣ ಹಾಕಿದ ಕಾಂಕ್ರೀಟು. ಮಂಗಳಕ್ಕ, ಇದರೊಳಗೆ ತೂರಿ ಬರೋದು ಕಷ್ಟ. ಮೇಲೆ ಡಬ್ಬಿ ಎಲ್ಲಿಟ್ಟಿದ್ದಾರೆ ನೋಡೋಣ ನಡೀರಿ" ಅಂದ.

ನಾನು ನಡುವೆ ಎರಡು ಸಲ ನಿಂತು ಹತ್ತಿದೆ. ಮೇಲೆ ಹೋಗಿ ನಾಲ್ಕು ತಿಂಗಳಾಗಿತ್ತು. ನೀಲಾಳ ಕೋಣೆಯ ಗೋಡೆಗೆ ನನ್ನ ಮಗಳ ಕೈಬರಹದ ಹಾಳೆಗಳು ಅಂಟಿದ್ದವು. ಕಿಟಕಿಯ ಪಕ್ಕ ಮೇಜು, ಅದರ ಮೇಲೆ ನನ್ನ ಮಗಳ ಕ್ಲಿಪ್ಪು, ನನ್ನ ಮಗಳ ಕನ್ನಡಕದ ಡಬ್ಬಿ. ಅವಳು ಬೇರೆ ಊರಿಗೆ ಹೋಗಿ ಮನೆ ಮಾಡಿದ ಹಾಗಿತ್ತು.

ಡಬ್ಬಿ ಇದ್ದದ್ದು ಮೂಲೆಯಲ್ಲಿ, ಸ್ಟೀಲ್ ಬೀರುವಿನ ಹಿಂದೆ, ನೆಲದ ಮೇಲೆ. ದಸ್ತಗೀರಣ್ಣ ಹಣೆ ಚಚ್ಚಿಕೊಂಡ. "ಬೀರು, ಕನ್ನಡಿ, ನೀರಿನ ಟ್ಯಾಂಕು ಇವೆಲ್ಲ ಸಿಗ್ನಲ್ ನುಂಗಿಬಿಡ್ತವೆ. ಇದನ್ನು ಮೆಟ್ಟಿಲ ಬಾಯಿಗೆ ತರಬೇಕು. ಕಾಂಕ್ರೀಟು ತೂರೋ ಬದಲು ಮೆಟ್ಟಿಲ ಮೇಲೆ ಹರಿದು ಬರಲಿ."

"ಹಾಗೇ ಮಾಡಿ ಅಣ್ಣ" ಅಂದಳು ನೀಲಾ ತಕ್ಷಣ. "ಅಕ್ಕನಿಗೆ ಕೆಳಗೆ ಬರದಿದ್ದರೆ ಏನು ಪ್ರಯೋಜನ? ಹಬ್ಬಕ್ಕೆ ತೆಗೆದಿಟ್ಟ ಆ ಮಣೆ ತರ್ತೀನಿ, ಅದರ ಮೇಲಿಡಿ." ಒಂದು ಮಾತು ಆಡಿದ್ದರೆ, ಒಂದು ಸಲ ಮುಖ ಗಂಟು ಹಾಕಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಹಾಗೇನೂ ಮಾಡದೆ ನಗುತ್ತಾ ಮಣೆ ತಂದಳು. ದಸ್ತಗೀರಣ್ಣ ಡಬ್ಬಿಯ ಎರಡು ಕೊಂಬುಗಳಲ್ಲಿ ಒಂದನ್ನು ನೆಟ್ಟಗೆ ನಿಲ್ಲಿಸಿ ಇನ್ನೊಂದನ್ನು ಅಡ್ಡ ಮಲಗಿಸಿದ. ನೆಟ್ಟಗಿದ್ದದ್ದು ಅಕ್ಕಪಕ್ಕಕ್ಕೆ, ಮಲಗಿದ್ದು ಕೆಳಕ್ಕೆ ಕಳಿಸುತ್ತದಂತೆ.

ಆಮೇಲೆ ನಾನು ಫೋನು ಕೈಯಲ್ಲಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದೆ. ಮೇಲಿನಿಂದ ಹದಿನೈದನೆಯ ಮೆಟ್ಟಿಲವರೆಗೆ ಪೂರ್ತಿ ಇತ್ತು. ಇಪ್ಪತ್ತೆರಡಕ್ಕೆ ಒಂದು ಗೆರೆ ಉಳಿಯಿತು. ಇಪ್ಪತ್ತಮೂರಕ್ಕೆ ಏನೂ ಇಲ್ಲ.

ಮರುದಿನದಿಂದ ಇಂಚರ ಸರಿಯಾಗಿ ನಡುವೆ ಕೂತಳು. ನನ್ನ ಒತ್ತಾಯ ತಡೆಯಲಾರದೆ ಇಳಿದವಳು ಇಪ್ಪತ್ತೆರಡರಲ್ಲಿ ನಿಂತಳು. ದಿಂಬು ಬೆನ್ನಿಗೆ, ಲ್ಯಾಪ್‌ಟಾಪು ಮಂಡಿಗೆ. ನಾನು ಹನ್ನೊಂದಕ್ಕೆ ಕಾಫಿ ಹಿಡಿದು ಕೆಳಗಿನಿಂದ ಹತ್ತುತ್ತಿದ್ದೆ. ನೀಲಾ ಹನ್ನೊಂದಕ್ಕೆ ಕೋಡುಬಳೆ ಹಿಡಿದು ಮೇಲಿನಿಂದ ಇಳಿಯುತ್ತಿದ್ದಳು. ನಾನು ಹತ್ತೂಮುಕ್ಕಾಲಿಗೆ ಶುರು ಮಾಡಿದೆ. ಎರಡು ದಿನ ಬಿಟ್ಟು ನೀಲಾ ಹತ್ತೂವರೆಗೆ ಬಂದಳು. ಅದು ಬೇಕೆಂದೇ ಮಾಡಿದ್ದೋ ಅಲ್ಲವೋ ಆಗ ನನಗೆ ತಿಳಿಯಲಿಲ್ಲ. ಇಂಚರ ಒಂದು ಕಿವಿಯಲ್ಲಿ ಪಾಠ ಕೇಳುತ್ತಾ, ಒಂದು ಕೈಯಲ್ಲಿ ನನ್ನ ಲೋಟ, ಇನ್ನೊಂದು ಕೈಯಲ್ಲಿ ಅವಳ ತಟ್ಟೆ ಹಿಡಿದು, "ನನಗೆ ಬರೆಯೋಕೆ ಕೈ ಬೇಡ್ವಾ?" ಎಂದು ಇಬ್ಬರನ್ನೂ ಕೇಳಿದಳು. ಮೂರನೆಯ ವಾರಕ್ಕೆ ಬೆನ್ನು ನೋವು ಎಂದು ಎದ್ದು ಹೋದಳು. ಮೇಲಕ್ಕೆ.

ನಾನು ಬಿಡಲಿಲ್ಲ. ದಸ್ತಗೀರಣ್ಣನ ಹತ್ತಿರ ಇನ್ನೊಂದು ಚಿಕ್ಕ ಡಬ್ಬಿ ತರಿಸಿದೆ. ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವಂಥದ್ದು. ಅವನು ಬರುವ ಮೊದಲೇ ನಾನೇ ಅದನ್ನು ನಮ್ಮ ನಡುಮನೆಯ ಪ್ಲಗ್ಗಿಗೆ ಚುಚ್ಚಿದೆ. ದೀಪ ಕೆಂಪಗೆ ಉರಿಯಿತು, ಅಷ್ಟೇ. ಅವನು ಬಂದು ನಕ್ಕ. "ಅಕ್ಕ, ಇದಕ್ಕೇ ಕೇಳಿಸದ ಜಾಗದಲ್ಲಿ ಇಟ್ಟರೆ ಇದು ಮುಂದಕ್ಕೆ ಏನು ಹೇಳುತ್ತೆ? ಚೆನ್ನಾಗಿ ಕೇಳಿಸೋ ಕಡೆ ಇಡಬೇಕು" ಎಂದು ಮೇಲಿನಿಂದ ಹದಿನೈದನೆಯ ಮೆಟ್ಟಿಲ ಪಕ್ಕದ ಗೂಡಿನಲ್ಲಿಟ್ಟ. ಕೆಳಗೆ ಎರಡು ಗೆರೆ ಬಂತು. ನನಗೆ ಕುಣಿಯುವ ಹಾಗಾಯಿತು. ಆದರೆ ದಾಟಿಸುವ ಡಬ್ಬಿ ವೇಗವನ್ನು ಅರ್ಧ ತಿಂದುಬಿಡುತ್ತದಂತೆ. ಪಾಠದ ಮೇಷ್ಟ್ರು ಬಾಯಿ ತೆರೆದವರು ಹಾಗೇ ನಿಂತುಬಿಡುತ್ತಿದ್ದರು. ಮತ್ತೆ ಮಾತಾಡುವ ಹೊತ್ತಿಗೆ ಅವರು ಮುಂದಿನ ಲೆಕ್ಕದಲ್ಲಿರುತ್ತಿದ್ದರು.

"ಅಮ್ಮಾ, ಇದೆಲ್ಲ ಯಾಕೆ? ಮೇಲೆ ಚೆನ್ನಾಗೇ ಬರ್ತಾ ಇತ್ತಲ್ಲ" ಅಂದಳು ಇಂಚರ.

"ನಿನಗೆ ನಿನ್ನ ಮನೆ ಬೇಡವಾ?"

"ಮೇಲಿನದೂ ನನ್ನ ಮನೆಯೇ ಅಲ್ವಾ?"

ನಾನು ಅವತ್ತೇ ದಸ್ತಗೀರಣ್ಣನಿಗೆ ಹೇಳಿ ಕಳಿಸಿದೆ: ಕಡೆಯ ಉಪಾಯ ಯಾವುದಿದೆಯೋ ಅದನ್ನೇ ಮಾಡಿಬಿಡಿ.

ಕಡೆಯ ಉಪಾಯ ವೈರು. ಮೇಲಿನ ಡಬ್ಬಿಯಿಂದ ಮೆಟ್ಟಿಲ ಪಕ್ಕದ ಗೋಡೆಯುದ್ದಕ್ಕೂ ಇಳಿಸಿ ಕೆಳಗೆ ಎರಡನೆಯ ಡಬ್ಬಿಗೆ ಜೋಡಿಸುವುದು. ನಮ್ಮ ಊರಿನಲ್ಲಿ ಇದನ್ನು ಯಾರೂ ಇಷ್ಟಪಡುವುದಿಲ್ಲ, ಗೋಡೆ ಬೆಳೆದ ಹಾಗೆ ವೈರು ಬಿಗಿದುಕೊಂಡು ಒಂದು ದಿನ ಕಿತ್ತು ಬರುತ್ತದೆ. ದಸ್ತಗೀರಣ್ಣ ಒಂದು ಹಗಲು ಪೂರ್ತಿ ಗೋಡೆಗೆ ಆತುಕೊಂಡು ಮೊಳೆ ಹೊಡೆದ. ಕೊನೆಗೆ ಕೆಳಗೆ ಡಬ್ಬಿಯ ಹಿಂದೆ ಎಂಟು ಅಡಿ ವೈರನ್ನು ಸುರುಳಿ ಸುತ್ತಿ ನೇತುಹಾಕಿದ. "ಹತ್ತು ವರ್ಷ ಯೋಚನೆ ಇಲ್ಲ" ಅಂದ.

ಐದು ಗೆರೆಗಳು. ನಡುಮನೆಯಲ್ಲಿ, ಅಡುಗೆಮನೆಯಲ್ಲಿ, ಬಚ್ಚಲಿನಲ್ಲಿ ಕೂಡ. ನಾನು ಇಂಚರಳ ಕೋಣೆ ಗುಡಿಸಿ, ಕಿಟಕಿಯ ಪಕ್ಕ ಮೇಜು ಹಾಕಿ, ಅವಳ ಕ್ಲಿಪ್ಪಿಗೆ ಒಂದು ತಟ್ಟೆ ಇಟ್ಟೆ. ಅವಳು ಪುಸ್ತಕ ಹೊತ್ತುಕೊಂಡು ಇಳಿದು ಬಂದಳು. ಅವಳ ಹಿಂದೆ ನೀಲಾ ಹಾಳೆಗಳ ಕಟ್ಟು ಹಿಡಿದು ಬಂದಳು. ಹಾಳೆಗಳನ್ನು ಗೋಡೆಗೆ ಅಂಟಿಸಿ ಕೊಟ್ಟಳು. "ಈಗ ಸರಿಹೋಯ್ತಲ್ಲ ಅಕ್ಕ" ಅಂದು ಹೋದಳು. ನಾನು ಗೆದ್ದಿದ್ದೆ.

ನಾಲ್ಕು ದಿನ ಗೆಲುವು ಸಿಹಿಯಾಗಿತ್ತು. ಐದನೆಯ ದಿನ ಮಧ್ಯಾಹ್ನ ಹೆಸರುಬೇಳೆ ಆರಿಸುತ್ತಾ ಕೂತಿದ್ದೆ. ಮುಚ್ಚಿದ ಬಾಗಿಲ ಆಚೆಯಿಂದ ನೀಲಾಳ ದನಿ ಕೇಳಿತು. ಅವಳು ಯಾವಾಗ ಇಳಿದು ಬಂದಳು ಎಂದು ಎದ್ದು ನೋಡಿದೆ. ಬಂದಿರಲಿಲ್ಲ. ಫೋನಿನಲ್ಲಿದ್ದಳು. ವಿಡಿಯೋದಲ್ಲಿ ಅವಳ ಮುಖ, ಅವಳ ಎಡಬೈತಲೆ. ನಾನು ಒಂದೊಂದು ಮೆಟ್ಟಿಲಿಗೂ ಹೋರಾಡಿ ಇಳಿಸಿದ ಸಿಗ್ನಲ್ಲಿನ ಮೇಲೆ ಕೂತು ಅವಳು ನನ್ನ ಮನೆಯೊಳಕ್ಕೇ ಬಂದಿದ್ದಳು. ಮೌಖಿಕ ಪರೀಕ್ಷೆ ಹತ್ತಿರ ಬಂದಿತ್ತು, ಆನ್‌ಲೈನಿನಲ್ಲೇ ನಡೆಯುವುದು. ಅದಕ್ಕೆ ನೀಲಾ ಪರೀಕ್ಷಕರ ಹಾಗೆ ಗಟ್ಟಿ ದನಿ ಮಾಡಿಕೊಂಡು ಪ್ರಶ್ನೆ ಕೇಳುವಳು, ಇವಳು ಉತ್ತರ ಹೇಳುವಳು. ನಡುನಡುವೆ ಇಬ್ಬರೂ ನಗುವರು. ಈಗ ಆ ನಗು ಮೂವತ್ತೊಂದು ಅಡಿ ದೂರವೂ ಇರಲಿಲ್ಲ.

ಇದು ದಿನಾ ನಡೆಯಿತು. ಎರಡು ವಾರ. ಪರೀಕ್ಷೆ ಗುರುವಾರ ಎಂದು ಇಂಚರ ನನಗೆ ಹೇಳಿದ್ದಳು. ಗುರುವಾರಕ್ಕೆ ಅವಳಿಗೆ ಇಷ್ಟವಾದ ಹಯಗ್ರೀವ ಮಾಡಬೇಕೆಂದು ನಾನು ಕಡಲೆಬೇಳೆ ತರಿಸಿಟ್ಟಿದ್ದೆ.

ಮಂಗಳವಾರ ಹನ್ನೊಂದು ಗಂಟೆ. ಉಪ್ಪಿಟ್ಟು ತಟ್ಟೆಗೆ ಹಾಕಿಕೊಂಡು ಬಾಗಿಲು ತಳ್ಳಿದೆ. ಇಂಚರ ಸೀರೆ ಉಟ್ಟು ಕೂತಿದ್ದಳು. ನೀಲಾಳ ಸೀರೆ, ಬೂದು ಬಣ್ಣದ್ದು. ಪರದೆ ನನ್ನ ಕಡೆಗಿರಲಿಲ್ಲ. ಗಟ್ಟಿ ದನಿಯ ಹೆಂಗಸೊಬ್ಬಳು "ತಳ ಬಿರುಕು ಬಿಟ್ಟಿದ್ದರೆ ನೀವು ಮೊದಲು ಏನನ್ನು ಅಳೆಯುತ್ತೀರಿ?" ಎಂದು ಕೇಳುತ್ತಿದ್ದಳು. ಇಂಚರ ತಲೆ ತಿರುಗಿಸದೆ, ಮೇಜಿನ ಕೆಳಗೆ ಕೈ ಚಾಚಿ, ಹೋಗು ಹೋಗು ಎಂದು ನನಗೆ ಬೆರಳು ಆಡಿಸಿದಳು. ನೊಣ ಓಡಿಸುವ ಹಾಗೆ.

ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ತಟ್ಟೆ ಕೆಳಗಿಟ್ಟೆ. ಅವಳ ಸೀರೆ, ಅವಳ ಬೈತಲೆ, ಅವಳ ದನಿ, ನನ್ನ ಮನೆ. ಡಬ್ಬಿಯ ಹತ್ತಿರ ಹೋಗಿ ಪ್ಲಗ್ಗು ಕಿತ್ತೆ.

"ಅಯ್ಯೋ!" ಎಂದು ಒಳಗಿನಿಂದ ಕಿರುಚಿದಳು. "ಅಮ್ಮಾ, ನೆಟ್ಟು ಹೋಯ್ತು! ಪರೀಕ್ಷೆ! ಪರೀಕ್ಷೆ ನಡೀತಾ ಇದೆ!"

"ಪರೀಕ್ಷೆ ಗುರುವಾರ ಅಲ್ವಾ?"

"ಇವತ್ತಿಗೇ ಹಾಕಿದ್ರು, ಬೆಳಗ್ಗೆ ಮೆಸೇಜು ಬಂತು. ನೀನು ಸ್ನಾನಕ್ಕೆ ಹೋಗಿದ್ದೆ."

ನಾನು ಪ್ಲಗ್ಗು ಮತ್ತೆ ಚುಚ್ಚಿದೆ. ಆ ಡಬ್ಬಿ ಒಂದು ಸಲ ಆರಿದರೆ ದೀಪಗಳು ಒಂದೊಂದಾಗಿ ಹತ್ತಿ ಮುಗಿಯಲು ಮೂರು ನಿಮಿಷ ಬೇಕು. ಮೊದಲನೆಯ ದೀಪವೇ ಹತ್ತಿರಲಿಲ್ಲ. ಅಷ್ಟರಲ್ಲಿ ಇಂಚರ ಲ್ಯಾಪ್‌ಟಾಪು ಎದೆಗವಚಿಕೊಂಡು, ಸೀರೆ ಮಂಡಿಗೆ ಎತ್ತಿಕೊಂಡು ಮೆಟ್ಟಿಲು ಹಾರುತ್ತಿದ್ದಳು. ನಡುವೆ ಎಡವಿದಳು. ಲ್ಯಾಪ್‌ಟಾಪು ಬಿಡಲಿಲ್ಲ, ಮೊಣಕೈ ಊರಿ ಎದ್ದಳು. "ಚಿಕ್ಕಮ್ಮಾ, ಬಾಗಿಲು ತೆಗೀರಿ" ಎಂದು ಕೂಗುತ್ತಾ ಹೋದಳು. ನಾನು ಕೆಳಗೆ ಉಪ್ಪಿಟ್ಟಿನ ತಟ್ಟೆಯ ಪಕ್ಕ ನಿಂತಿದ್ದೆ.

ಮುಕ್ಕಾಲು ಗಂಟೆಯ ನಂತರ ಇಬ್ಬರೂ ಇಳಿದು ಬಂದರು. ಇಂಚರಳ ಮೊಣಕೈಗೆ ಅರಿಶಿನ ಮೆತ್ತಿತ್ತು. ಪರೀಕ್ಷಕರು ಕಾದಿದ್ದರಂತೆ, ಆದರೆ ಎರಡು ಪ್ರಶ್ನೆ ಹೋಗಿದ್ದವು. "ಹೇಗೆ ಹೋಯ್ತಮ್ಮಾ ಇದ್ದಕ್ಕಿದ್ದ ಹಾಗೆ?" ಎಂದು ನನ್ನನ್ನು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲು ನೀಲಾ ಡಬ್ಬಿಯ ಹತ್ತಿರ ಹೋಗಿ ಬಗ್ಗಿ ನೋಡಿ, "ವೈರು ಬಿಗಿದುಕೊಂಡಿದೆ ನೋಡು. ಮನೆ ಬೆಳೆದಿದೆ, ಎಳೆದುಬಿಟ್ಟಿದೆ. ಈ ಗೋಡೆಗೆ ಏನು ಹೇಳೋದು" ಅಂದಳು. ಹೇಳುವಾಗ ನನ್ನ ಕಡೆ ನೋಡಲಿಲ್ಲ. ಅವಳಿಗೆ ಗೊತ್ತಿತ್ತು. ಕೆಳಗಿನ ಡಬ್ಬಿ ಆರಿದರೆ ಮೇಲಿನ ಡಬ್ಬಿಯಲ್ಲಿ ಒಂದು ದೀಪ ಆರುತ್ತದೆ, ಚುಚ್ಚಿದರೆ ಹತ್ತುತ್ತದೆ. ಕಿತ್ತು ಬಂದ ವೈರು ತಾನಾಗಿ ಹೋಗಿ ಕೂರುವುದಿಲ್ಲ.

ನಾನು ಆ ಸುಳ್ಳಿನ ಹಿಂದೆ ನಾಲ್ಕು ದಿನ ಬಚ್ಚಿಟ್ಟುಕೊಂಡೆ. ಹಯಗ್ರೀವ ಮಾಡಿದೆ. ಇಂಚರ ತಿಂದಳು, ಎರಡು ಪ್ರಶ್ನೆಯ ಚಿಂತೆಯಲ್ಲಿ ರುಚಿ ಹೇಳಲಿಲ್ಲ. ಶನಿವಾರ ನಮ್ಮ ಮನೆಯವರು ವೈರು ಉದ್ದ ಮಾಡಿಸಲೆಂದು ದಸ್ತಗೀರಣ್ಣನನ್ನು ಕಳಿಸಿದರು. ಅವನು ಸುರುಳಿ ಬಿಚ್ಚಿ ಅಳೆದ. ಎಂಟಡಿಗೆ ಎರಡು ಬೆರಳೂ ಕಡಿಮೆಯಾಗಿರಲಿಲ್ಲ. ನನ್ನ ಮುಖ ನೋಡಿದ. "ಏನೂ ಆಗಿಲ್ಲ ಅಕ್ಕ, ಚೆನ್ನಾಗಿದೆ" ಎಂದಷ್ಟೇ ಹೇಳಿ ಸುರುಳಿಯನ್ನು ಮತ್ತೆ ಸುತ್ತಿಟ್ಟು, ನಾನು ಕೊಟ್ಟ ಟೀ ಕುಡಿಯದೆ ಹೋದ.

ಆ ಟೀ ಬಚ್ಚಲಿಗೆ ಚೆಲ್ಲಿ ಲೋಟ ತೊಳೆದಿಟ್ಟೆ. ಆಮೇಲೆ ಮೆಟ್ಟಿಲು ಹತ್ತಿದೆ. ನಡುವೆ ಎಲ್ಲೂ ನಿಲ್ಲಲಿಲ್ಲ, ನಿಂತರೆ ವಾಪಸು ಬರುತ್ತೇನೆಂದು ಗೊತ್ತಿತ್ತು.

ನೀಲಾ ಬಟ್ಟೆ ಮಡಚುತ್ತಿದ್ದಳು. ನಾನು ಮೇಲುಸಿರು ಬಿಡುತ್ತಾ ಬಾಗಿಲು ಹಿಡಿದು ನಿಂತು, "ಸುಳ್ಳು ಯಾಕೆ ಹೇಳಿದೆ?" ಅಂದೆ.

"ಕೂತ್ಕೊಳ್ಳಿ ಅಕ್ಕ, ನೀರು ಕೊಡ್ತೀನಿ."

"ನೀರು ಬೇಡ. ನಾನೇ ಕಿತ್ತಿದ್ದು. ನಿನಗೆ ಗೊತ್ತಿದ್ದೂ ಯಾಕೆ ಹೇಳಿದೆ? ನನಗೆ ಉಪಕಾರ ಮಾಡೋಕಾ? ನಿನ್ನ ಉಪಕಾರ ಹೊತ್ತು ಹೊತ್ತು ನನಗೆ ಸಾಕಾಗಿದೆ." ಬೈಯಲು ಬಂದವಳು ಅಳುವ ಹಾಗಾದೆ.

ನೀಲಾ ಮಡಚುತ್ತಿದ್ದ ಬಟ್ಟೆ ಮಡಿಲಲ್ಲಿಟ್ಟುಕೊಂಡಳು. "ಉಪಕಾರ ಅಲ್ಲ ಅಕ್ಕ. ನೀವು ಸಿಕ್ಕಿಬಿದ್ದಿದ್ದರೆ ನನಗೂ ಸಿಕ್ಕಿಬಿದ್ದ ಹಾಗೆ ಆಗ್ತಿತ್ತು" ಅಂದಳು. "ನೀವು ವೈರು ಎಳೆಸಿದ ದಿನ, ಅವಳು ಹಾಳೆಗಳನ್ನೆಲ್ಲ ಗೋಡೆಯಿಂದ ಕಿತ್ತು ನನ್ನ ಕೈಗೆ ಕೊಟ್ಟು ಇಳಿದು ಹೋದಳಲ್ಲ, ನಾನು ನಿಮ್ಮ ಮನೆಗೆ ಬಂದು ಅಂಟಿಸಿ ಕೊಟ್ಟೆನಲ್ಲ, ಆಮೇಲೆ ಮೇಲೆ ಬಂದು ಕತ್ತರಿ ತಗೊಂಡೆ. ವೈರಿನ ಹತ್ತಿರ ಹೋಗಿ ನಿಂತಿದ್ದೆ. ಬಹಳ ಹೊತ್ತು ನಿಂತಿದ್ದೆ."

"ಯಾಕೆ ಕತ್ತರಿಸಲಿಲ್ಲ?"

"ಮೆಟ್ಟಿಲ ಮೇಲೆ ಯಾರೋ ಬಂದ ಹಾಗಾಯ್ತು. ಇಲ್ಲದಿದ್ದರೆ ಕತ್ತರಿಸಿಬಿಡ್ತಿದ್ದೆ, ನಾನು ಅಂಥ ಒಳ್ಳೆಯವಳೇನಲ್ಲ." ಅವಳು ತಲೆ ತಗ್ಗಿಸಿದಳು. "ಅಕ್ಕ, ಹದಿನೆಂಟು ವರ್ಷಕ್ಕೆ ನಾನೂ ಆ ಪರೀಕ್ಷೆ ಬರೆದಿದ್ದೆ. ಮೌಖಿಕಕ್ಕೆ ಕರೆದರು. ಹೆಣ್ಣುಮಗಳು ಏಣಿ ಹತ್ತಿ ಗೋಡೆ ಅಳೀತಾಳಾ ಎಂದು ನಮ್ಮಪ್ಪನೇ ಆ ಪತ್ರ ಒಲೆಗೆ ಹಾಕಿದರು. ಇಂಚರ ಆ ಕುರ್ಚಿಯಲ್ಲಿ ಕೂತು ಓದುವಾಗ ನಾನೇ ಓದ್ತಿದ್ದೀನಿ ಅನ್ನಿಸ್ತಿತ್ತು. ಅವಳು ಇಳಿದು ಹೋದ ಮೇಲೆ ಸಂಜೆ ಹೊತ್ತು ನೀವು ಅವಳನ್ನ ಊಟಕ್ಕೆ ಕರೆಯೋದು ಇಲ್ಲಿಗೆ ಕೇಳಿಸುತ್ತೆ. ಅವಳು 'ಬಂದೆ ಅಮ್ಮಾ' ಅನ್ನೋದೂ ಕೇಳಿಸುತ್ತೆ. ನನಗೆ ಅವಳು ಹಾಗೆ ಯಾವತ್ತೂ ಅಂದಿಲ್ಲ. ಕೋಡುಬಳೆ ಹಿಡಿದು ಹತ್ತೂವರೆಗೇ ಇಳಿದು ಬರ್ತಿದ್ದೆನಲ್ಲ, ನಿಮ್ಮ ಕಾಫಿಗಿಂತ ಮೊದಲೇ ತಲುಪಲಿ ಅಂತ."

ನನಗೆ ನಗು ಬಂತು. ಅವಳಿಗೂ ಬಂತು. ನಕ್ಕ ಮೇಲೂ ಹೊಟ್ಟೆಯ ಕಿಚ್ಚು ಪೂರ್ತಿ ಆರಲಿಲ್ಲ. ಆದರೆ ಇಷ್ಟು ದಿನ ಒಬ್ಬಳೇ ಹೊತ್ತ ಭಾರಕ್ಕೆ ಇನ್ನೊಂದು ಕೈ ಸಿಕ್ಕ ಹಾಗಾಯಿತು. ಅವಳು ನೀರು ತಂದಳು. ಕುಡಿದೆ.

"ಇಂಚರಂಗೆ ನೀವೇ ಹೇಳಬೇಕು ಅಕ್ಕ" ಅಂದಳು. "ನಾನು ಹೇಳಲ್ಲ."

ಆ ಸಂಜೆಯೇ ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ. ನಾನೇ ಪ್ಲಗ್ಗು ಕಿತ್ತೆ, ಪರೀಕ್ಷೆ ಅಂತ ಗೊತ್ತಿರಲಿಲ್ಲ, ನಿನ್ನ ಚಿಕ್ಕಮ್ಮನ ಜೊತೆ ಮಾತಾಡ್ತಿದ್ದೀಯ ಅಂತ ಕಿತ್ತೆ ಅಂದೆ. ಇಂಚರ ನನ್ನನ್ನು ಹೊಸಬರನ್ನು ನೋಡುವ ಹಾಗೆ ನೋಡಿದಳು. ಕೂಗಾಡಿದ್ದರೆ ಚೆನ್ನಾಗಿತ್ತು. "ಎರಡು ಪ್ರಶ್ನೆ ಅಮ್ಮ. ನನಗೆ ಎರಡೂ ಗೊತ್ತಿದ್ದವು" ಎಂದಷ್ಟೇ ಹೇಳಿದಳು. ಆಮೇಲೆ ಹನ್ನೆರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಸುಳ್ಳು ಹೇಳಿದ್ದಕ್ಕೆ ನೀಲಾಳ ಜೊತೆಗೂ ಮಾತು ಬಿಟ್ಟಳು. ತಾನೇ ಅನ್ನಕ್ಕಿಟ್ಟುಕೊಂಡು, ಉಪ್ಪಿನಕಾಯಿ ಹಾಕಿಕೊಂಡು, ಬಾಗಿಲು ಮುಚ್ಚಿ ತಿಂದಳು. ಆ ಹನ್ನೆರಡು ದಿನವೂ ನೀಲಾ ಸಂಜೆ ಇಳಿದು ಬಂದು ನನ್ನ ಜೊತೆ ಕಟ್ಟೆಯ ಮೇಲೆ ಕೂರುತ್ತಿದ್ದಳು. "ಇವತ್ತು ಏನು ತಿಂದಳು?" ಎಂದು ಕೇಳುತ್ತಿದ್ದಳು. ನಾನು ಹೇಳುತ್ತಿದ್ದೆ. ಹೇಳುವುದಕ್ಕೆ ಹೆಚ್ಚೇನೂ ಇರುತ್ತಿರಲಿಲ್ಲ.

ಹದಿಮೂರನೆಯ ದಿನ ಫಲಿತಾಂಶ ಬಂತು. ನಾಲ್ಕು ಜಾಗಕ್ಕೆ ಇಂಚರ ನಾಲ್ಕನೆಯವಳು. ಆ ಎರಡು ಪ್ರಶ್ನೆ ಇದ್ದಿದ್ದರೆ ಎರಡನೆಯವಳಾಗುತ್ತಿದ್ದಳು. ಅದನ್ನು ಅವಳೇ ಲೆಕ್ಕ ಹಾಕಿ ನನಗೆ ಹೇಳಿದಳು, ಹೇಳಿ ನನ್ನ ಭುಜಕ್ಕೆ ತಲೆ ಆನಿಸಿ ಅತ್ತಳು. ಆಮೇಲೆ ಮೇಲೆ ಓಡಿದಳು, ಅಲ್ಲೂ ಅತ್ತಿರಬೇಕು. ನಾನು ಸೂರು ನೋಡಲಿಲ್ಲ. ಸೀದಾ ಅಡುಗೆಮನೆಗೆ ಹೋದೆ.

ಈಗ ಅವಳು ಕೆಲಸಕ್ಕೆ ಹೋಗುತ್ತಾಳೆ. ಭುಜಕ್ಕೆ ಟೇಪಿನ ಚೀಲ, ಕೈಯಲ್ಲಿ ದಪ್ಪ ಪುಸ್ತಕ. ಮೊದಲ ವಾರ ಮುಗಿದ ಭಾನುವಾರ ನೀಲಾ ಮತ್ತು ನಾನು ಸೇರಿ ಅಡುಗೆ ಮಾಡಿದೆವು. ಮಾವಿನಕಾಯಿ ಚಿತ್ರಾನ್ನ, ಅವಳಿಗೆ ಪ್ರಾಣ. ಒಗ್ಗರಣೆ ನನ್ನದು, ಮಾವಿನಕಾಯಿ ತುರಿದದ್ದು ನೀಲಾ. ಇಬ್ಬರೂ ಬಡಿಸಿ ಎದುರಿಗೆ ಕೂತೆವು. ಇಂಚರ ಎರಡು ತುತ್ತು ತಿಂದಳು. ತಲೆ ಆಡಿಸಿದಳು.

"ಚೆನ್ನಾಗಿದೆ" ಅಂದಳು. "ಆದರೆ ನಮ್ಮ ಆಫೀಸಿನಲ್ಲಿ ಟೈಪು ಮಾಡುವ ಸುಲೋಚನಾ ಮೇಡಂ ಇದಕ್ಕೆ ಸ್ವಲ್ಪ ಹುರಿದ ಎಳ್ಳಿನ ಪುಡಿ ಹಾಕ್ತಾರೆ. ದಿನಾ ನನಗೂ ಒಂದು ಡಬ್ಬಿ ತರ್ತಾರೆ. ಎಷ್ಟು ಚೆನ್ನಾಗಿರುತ್ತೆ ಗೊತ್ತಾ?"

ನಾನು ನೀಲಾಳ ಮುಖ ನೋಡಿದೆ. ನೀಲಾ ನನ್ನ ಮುಖ ನೋಡಿದಳು. ಚಿತ್ರಾನ್ನದ ಪಾತ್ರೆ ಸ್ವಲ್ಪ ಈಚೆಗೆ ಎಳೆದುಕೊಂಡು, "ಯಾರಂತೆ ಅಕ್ಕ, ಆ ಸುಲೋಚನಾ?" ಅಂದಳು.